ಹಳೇ ಸ್ಪೋರ್ಟ್ಸ್ ಕಾರ್ ತಗೊಳ್ಳೋರು ರೇಟ್ ಮಾತಾಡೋ ಮುಂಚೆ ಇದನ್ನ ನೋಡ್ಕೊಳ್ಳಿ
ಗೋವಾದಿಂದ ಸೆಕೆಂಡ್ ಹ್ಯಾಂಡ್ ಫೋರ್ಡ್ ಮಸ್ಟಾಂಗ್, ಬಿಎಂಡಬ್ಲ್ಯು ಝಡ್4 ತರೋಣ ಅಂತ ನಮ್ಮ ಕಾರವಾರದ ಹುಡುಗ್ರು ಕೇಳ್ತಾ ಇರ್ತಾರೆ, ಅದಕ್ಕೆ ಬರೀತಿದೀನಿ. ಆನ್‌ಲೈನಲ್ಲಿ ಹಾಕಿರೋ ರೇಟು ಮಾರೋರು ಕೇಳೋದು ಅಷ್ಟೇ, ಅದೇ ಬೆಲೆ ಅಂತ ನಂಬ್ಬೇಡಿ. ಅದೇ ಮಾಡೆಲ್, ಅದೇ ವರ್ಷದ ನಾಲ್ಕೈದು ಕಾರು ನೋಡಿ, ಇನ್ಶೂರೆನ್ಸ್‌ನ ಐಡಿವಿ (ಕಾರಿಗೆ ವಿಮೆ ಕಂಪನಿ ಹಾಕಿರೋ ಬೆಲೆ) ಜೊತೆ ಹೋಲಿಸಿ.

ನಮ್ಮ ಕಡೆ ಮುಖ್ಯ ಅಂದ್ರೆ ತುಕ್ಕು ಮಾರಾಯ್ರೆ. ಸಮುದ್ರದ ಉಪ್ಪುಗಾಳಿಗೆ ನಿಂತ ಕಾರು ಮೇಲೆ ಪಳಪಳ ಇರುತ್ತೆ, ಲಿಫ್ಟಿಗೆ ಏರಿಸಿ ಅಡಿ ನೋಡಿದ್ರೆ ಸಬ್‌ಫ್ರೇಮ್ (ಎಂಜಿನ್, ಸಸ್ಪೆನ್ಷನ್ ಹೊರೋ ಚೌಕಟ್ಟು), ಬ್ರೇಕ್ ಪೈಪ್, ಸೈಲೆನ್ಸರ್ ಎಲ್ಲಾ ತಿಂದು ಹೋಗಿರುತ್ತೆ, ಆಮೇಲೆ ಪಾರ್ಟ್ಸ್‌ಗೆ ತಿಂಗಳುಗಟ್ಟಲೆ ಕಾಯ್ಬೇಕು. ಫೋರ್ಡ್ 2021ರಲ್ಲೇ ಭಾರತದಲ್ಲಿ ಮಾರೋಕೆ ಇಲ್ಲಿ ಕಾರ್ ತಯಾರಿಸೋದು ನಿಲ್ಲಿಸ್ತು, ಮಸ್ಟಾಂಗ್ ನೋಡೋರು ಅದನ್ನೂ ಲೆಕ್ಕ ಹಾಕಿ.

ಕಿಲೋಮೀಟರ್ ಕಮ್ಮಿ ಅಂದ್ರೆ ಖುಷಿಪಡೋದು ಬೇಡ. ಟೈರ್ ಮೇಲೆ 3218 ಅಂತಿದ್ರೆ 2018ರ 32ನೇ ವಾರದ್ದು, ಮೇಲಿನ ಅಚ್ಚು (ಟ್ರೆಡ್) ಚೆನ್ನಾಗಿದ್ರೂ ರಬ್ಬರ್ ಗಟ್ಟಿಯಾಗಿರುತ್ತೆ, ನಾಲ್ಕೂ ಬದಲಾಯಿಸೋ ಖರ್ಚು ಬೆಲೆಯಲ್ಲಿ ಕಳೀರಿ. ಸರ್ವಿಸ್ ರೆಕಾರ್ಡ್ ಇಲ್ದಿದ್ರೆ ನಾನಂತೂ ಬಿಟ್ಟು ಬರ್ತೀನಿ.

ಗೋವಾದ ಜಿಎ ನಂಬರ್ ಆದ್ರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು ನಮ್ಮ ಕಾರವಾರದ ಕೆಎ 30 ಮಾಡಿಸ್ಬೇಕು, ಇಲ್ಲಿಯ ಲೈಫ್ ಟ್ಯಾಕ್ಸ್ ಬೇರೆ ಕಟ್ಬೇಕು. ಕಾರಿನ ವಯಸ್ಸು ನೋಡಿ ಸ್ವಲ್ಪ ಕಮ್ಮಿ ಮಾಡ್ತಾರೆ, ಆದ್ರೂ ದುಬಾರಿ ಕಾರಿಗೆ ಲಕ್ಷಗಳೇ ಆಗುತ್ತೆ, ಆರ್‌ಟಿಒದಲ್ಲಿ ಮೊದಲೇ ಕೇಳ್ಕೊಂಡು ಆಮೇಲೆ ಅಡ್ವಾನ್ಸ್ ಕೊಡಿ. ಸಾಲ ಇದ್ಯಾ ಅಂತ ಆರ್‌ಸಿಯಲ್ಲೂ ನೋಡಿ.

ಶಿರಸಿ ಕಡೆಯವ್ರು ಕುಮಟಾ ರಸ್ತೆಯ ದೇವಿಮನೆ ಘಟ್ಟದಲ್ಲಿ ಒಂದ್ಸಲ ಓಡಿಸಿ ನೋಡಿ, ಬ್ರೇಕು, ಕೂಲಿಂಗು, ಅಡಿ ತಾಗೋದು ಎಲ್ಲಾ ಅಲ್ಲೇ ಗೊತ್ತಾಗುತ್ತೆ.