ಮೊಮ್ಮಗಳಿಗೆ ಹೊಲಿದ ಹೆಗಲ ಬಟ್ಟೆ

ಕೂಸಿಗೆ ಹಾಲು ಕುಡಿಸಿದ ಮೇಲೆ ಹೆಗಲಿಗೆ ಹಾಕಿಕೊಂಡು, ಬೆನ್ನು ಸವರಿ ತೇಗು ಬರಿಸುತ್ತೇವಲ್ಲ, ಆಗ ಒಂದಿಷ್ಟು ಹಾಲು ಕಕ್ಕೇ ಕಕ್ಕುತ್ತದೆ. ನನ್ನ ಬಾಣಂತನದಲ್ಲಿ ಅದಕ್ಕೆ ಹಳೆ ಪಂಚೆಯ ತುಂಡು ಇರುತ್ತಿತ್ತು. ಮಗಳು ಹೆರಿಗೆಗೆ ಧಾರವಾಡಕ್ಕೆ ಬಂದಾಗ ಫೋನಿನಲ್ಲಿ ಇದಕ್ಕೆಂದೇ ಹೊಲಿದ ಬಣ್ಣಬಣ್ಣದ ಹೆಗಲ ಬಟ್ಟೆ, ಬರ್ಪ್ ಕ್ಲಾತ್ ತೋರಿಸಿದಳು. "ಅವ್ವಾ, ಇಂಥಾವು ನೀನ ಹೊಲಿ, ಕೂಸಿಗೆ ಚಂದ ಕಾಣ್ತಾವು" ಅಂದಳು. ನನಗೂ ಹುರುಪು ಬಂತು.

ಮೊದಲು ನಾಲ್ಕು ಹೊಲಿದೆ. ಮನೆಯಲ್ಲಿ ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆ ಇತ್ತು. ನಮ್ಮ ಕಡೆ ಕೂಸಿನ ಕುಲಾವಿ, ಕುಂಚಿಗೆ ಖಣದ್ದೇ ಅಲ್ವಾ, ಇದಕ್ಕೂ ಅದೇ ಸರಿ ಅಂದುಕೊಂಡು ನಟ್ಟನಡುವೆ ಖಣ ಇಟ್ಟೆ, ಸುತ್ತ ಹಳೆ ಇಳಕಲ್ ಸೀರೆಯ ಕೆಂಪು ದಡಿ ಕೊಟ್ಟೆ. ಒಳಗೆ ಟರ್ಕಿ ಟವೆಲ್ ತುಂಡು. ನೋಡಲು ಬಹಳ ಚಂದ ಇದ್ದವು. ಕೂಸು ಹುಟ್ಟಿದ ಮೂರನೇ ದಿನ ಮಗಳು ಹೆಗಲ ಮೇಲೆ ಹಾಕಿಕೊಂಡಳು. ಕೂಸು ಕಕ್ಕಿತು. ಹಾಲು ಖಣದ ಮೇಲೆ ಜಾರಿ ಸೀದಾ ಅವಳ ನೈಟಿಗೆ ಇಳಿಯಿತು. "ಚಂದ ಐತಿ, ಆದ್ರ ಹೀರೂದಿಲ್ಲವ್ವಾ" ಅಂದಳು. ಒಗೆದಾಗ ದಡಿ ಬಣ್ಣ ಬಿಟ್ಟು, ಅದರ ಕೆಂಪು ಉಳಿದ ಬಟ್ಟೆಗೆಲ್ಲ ಹತ್ತಿತು. ಮಳೆಗಾಲ ಬೇರೆ. ಒಳಗಿನ ಟವೆಲ್ ಎರಡು ದಿನ ಕಳೆದರೂ ಒಣಗದೆ ಮುಗ್ಗಲು ವಾಸನೆ ಹಿಡಿಯಿತು.

ಖಣದಲ್ಲಿ ರೇಷ್ಮೆಯ ಎಳೆ ಜಾಸ್ತಿ, ನುಣುಪು. ದಡಿಯೂ ಹಾಗೇ. ಕುಲಾವಿಗೆ ಆ ಹೊಳಪು ಬೇಕು, ಹಾಲು ಒರೆಸುವ ಬಟ್ಟೆಗೆ ಬೇಡ. ಅಂದಿನಿಂದ ನಾನು ಒಂದು ಮಾತು ಗಟ್ಟಿ ಮಾಡಿಕೊಂಡೆ. ಕೂಸಿನ ಬಾಯಿ, ಕೆನ್ನೆ ತಾಗುವ ಕಡೆ ಅಲಂಕಾರ ಇರಬಾರದು. ಚಂದ ಏನಿದ್ದರೂ ಎರಡು ತುದಿಗೆ. ಬಟ್ಟೆ ಹೆಗಲ ಮೇಲೆ ಇಳಿಬಿದ್ದಾಗ ಕಾಣುವುದು ಆ ತುದಿಗಳೇ, ಹಾಗಾಗಿ ಚಂದಕ್ಕೂ ಕೊರತೆ ಆಗುವುದಿಲ್ಲ.

ಎರಡನೇ ಸಲ ಹನ್ನೆರಡು ಹೊಲಿದೆ. ಎಳೆಗೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ಮಳೆಯಲ್ಲಿ ಬಟ್ಟೆ ಒಣಗಲು ತಡ. ಅದಕ್ಕಿಂತ ಕಡಿಮೆ ಇದ್ದರೆ ಸಾಲುವುದಿಲ್ಲ.

ನಡುವಿನ ಭಾಗಕ್ಕೆ ನಮ್ಮ ಯಜಮಾನರ ಹಳೆ ಹತ್ತಿ ಪಂಚೆ. ಹತ್ತಾರು ವರ್ಷ ಒಗೆದ ಪಂಚೆಯಷ್ಟು ಮೆತ್ತಗಿನ ಬಟ್ಟೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಒಂದು ಹನಿ ನೀರು ಬಿಟ್ಟು ನೋಡಿ, ಬಿದ್ದ ತಕ್ಷಣ ಹರಡಿ ಒಳಗೆ ಇಳಿಯುತ್ತದೆ. ಹೊಸ ಬಟ್ಟೆಯ ಮೇಲೆ ಅದೇ ಹನಿ ಗುಂಡಗೆ ನಿಲ್ಲುತ್ತದೆ, ಗಂಜಿ ಇರುತ್ತದಲ್ಲ. ಒಳಪದರಕ್ಕೆ ಟವೆಲ್ ಬಿಟ್ಟು ಹಳೆ ಮಲ್ಲು ಬಟ್ಟೆ, ಅಂದರೆ ತೆಳು ಹತ್ತಿ ಬಟ್ಟೆ ಹಾಕಿದೆ. ಮೂರು ತೆಳು ಪದರ, ಫ್ಯಾನಿನ ಕೆಳಗೆ ಹರವಿದರೂ ಒಂದೇ ರಾತ್ರಿಯಲ್ಲಿ ಒಣಗಿತು.

ತುದಿಗಳಿಗೆ ಖಾದಿ ತೆಗೆದುಕೊಂಡೆ. ಇಲ್ಲೇ ಹುಬ್ಬಳ್ಳಿಯ ಬೆಂಗೇರಿಯಲ್ಲಿ, ರಾಷ್ಟ್ರಧ್ವಜ ಹೊಲಿಯುವ ಖಾದಿ ಸಂಘ ಇದೆಯಲ್ಲ, ಅಲ್ಲಿಯ ಬಿಳಿ ಬಟ್ಟೆ. ಖಾದಿಯೇ ಯಾಕೆ ಅಂದರೆ ಕಸೂತಿ ಹಾಕಬೇಕಿತ್ತು. ನಮ್ಮ ಕಡೆಯ ಕಸೂತಿಗೆ ಬಟ್ಟೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸಿ ಹಾಕಬೇಕು. ಪಂಚೆಯ ಎಳೆ ನನ್ನ ಕಣ್ಣಿಗೆ ಸಿಗುವುದಿಲ್ಲ. ನಾನು ತಂದ ಖಾದಿಯ ಎಳೆ ತುಸು ದಪ್ಪ, ಕನ್ನಡಕ ಹಾಕಿಕೊಂಡರೆ ಎಣಿಸಬಹುದು. ಹೊಲಿಯುವ ಮೊದಲು ಖಾದಿಯನ್ನು ರಾತ್ರಿಯಿಡೀ ನೆನೆಹಾಕಿ, ಎರಡು ಸಲ ಒಗೆದು ಇಸ್ತ್ರಿ ಮಾಡಿದೆ. ಪಂಚೆ ಎಷ್ಟು ಕುಗ್ಗಬೇಕೋ ಅಷ್ಟು ಯಾವಾಗಲೋ ಕುಗ್ಗಿರುತ್ತದೆ. ಖಾದಿ ಆಮೇಲೆ ಕುಗ್ಗಿದರೆ ಸೇರಿಸಿದ ಕಡೆಯೆಲ್ಲ ಸುಕ್ಕು ಬೀಳುತ್ತದೆ.

ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ನಾನು ಗವಂತಿಯನ್ನಷ್ಟೇ ಬಳಸಿದೆ. ಕಾರಣ ಇದೆ. ಗವಂತಿಯಲ್ಲಿ ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ ಅಂತ ಸೂಜಿ ಮುಂದೆ ಹೋಗುತ್ತದೆ. ಕೊನೆ ಮುಟ್ಟಿ ಅದೇ ದಾರಿಯಲ್ಲಿ ವಾಪಸ್ ಬರುವಾಗ ಬಿಟ್ಟ ಜಾಗಗಳು ತುಂಬುತ್ತವೆ. ಮುಂದೆ ಹೇಗೋ ಹಿಂದೆಯೂ ಹಾಗೇ ಕಾಣುತ್ತದೆ. ಗಂಟು ಹಾಕುವಂತಿಲ್ಲ. ದಾರದ ತುದಿಯನ್ನು ಹಿಂದಿನ ಹೊಲಿಗೆಗಳ ಅಡಿಯಲ್ಲೇ ಓಡಿಸಿ ಮುಚ್ಚಬೇಕು. ಕೂಸಿನ ಬಟ್ಟೆಗೆ ಇದಕ್ಕಿಂತ ಒಳ್ಳೆಯದು ಇನ್ನೇನಿದೆ? ತೆಳು ಬಟ್ಟೆಯ ಅಡಿಯಲ್ಲಿ ಒಂದು ಸಣ್ಣ ಗಂಟು ಇದ್ದರೂ ಎಳೆ ಚರ್ಮಕ್ಕೆ ಒತ್ತುತ್ತದೆ.

ಚಿತ್ರಕ್ಕೆ ತೊಟ್ಟಿಲು ಆರಿಸಿದೆ. ಗೋಪುರ, ತೇರು, ಆನೆ, ತುಳಸಿ ಕಟ್ಟೆಯ ಜೊತೆಗೆ ತೊಟ್ಟಿಲೂ ಕಸೂತಿಯ ಹಳೆಯ ಚಿತ್ರವೇ. ಮೊದಲು ಚೌಕಳಿ ಹಾಳೆಯ ಮೇಲೆ ಬರೆದು, ಸೂಜಿ ಯಾವ ಕಡೆಯಿಂದ ಹೋಗಿ ಯಾವ ಕಡೆಯಿಂದ ವಾಪಸ್ ಬರಬೇಕು ಅಂತ ಬೆರಳಿನಲ್ಲಿ ಓಡಿಸಿ ನೋಡಿಕೊಂಡೆ. ತೊಟ್ಟಿಲ ಹಗ್ಗದ ಹತ್ತಿರ ಒಂದು ಎಳೆ ತಪ್ಪಿದರೆ ಎರಡು ಹಗ್ಗ ಮೇಲೆ ಕೂಡುವುದೇ ಇಲ್ಲ. ಹಾಗೆ ಎರಡು ಸಲ ಬಿಚ್ಚಿದೆ. ಆರು ಎಳೆಯ ಹತ್ತಿ ದಾರದ ಲಡಿಯಿಂದ ಎರಡೇ ಎಳೆ ತೆಗೆದು ಬಳಸಿದೆ. ಬಣ್ಣ ಬಿಡುತ್ತದೋ ಅಂತ ಮೊದಲೇ ನೋಡಿದೆ: ದಾರ ಒದ್ದೆ ಮಾಡಿ, ಬಿಳಿ ಬಟ್ಟೆಯ ನಡುವೆ ಇಟ್ಟು ಬಿಸಿ ಇಸ್ತ್ರಿ ಒತ್ತಿದೆ. ಕೆಂಪು ದಾರ ಕಲೆ ಬಿಟ್ಟಿತು, ಅದನ್ನು ತೆಗೆದಿಟ್ಟೆ. ಹಸಿರು, ಹಳದಿ, ನೀಲಿ ಉಳಿದವು.

ಅಳತೆ ಹೇಳಿಬಿಡುತ್ತೇನೆ. ಹೊಲಿದ ಮೇಲೆ 10 ಇಂಚು ಅಗಲ, 20 ಇಂಚು ಉದ್ದ. ಹಿಂಬದಿಯ ಪಂಚೆಯನ್ನೂ ಒಳಗಿನ ಮಲ್ಲನ್ನೂ ಹತ್ತೂವರೆ ಅಗಲ, ಇಪ್ಪತ್ತೂವರೆ ಉದ್ದ ಕತ್ತರಿಸಬೇಕು. ಮುಂಬದಿಗೆ ಮೂರು ತುಂಡು, ಎಲ್ಲವೂ ಹತ್ತೂವರೆ ಅಗಲ. ನಡುವೆ ಹನ್ನೆರಡೂವರೆ ಇಂಚು ಉದ್ದದ ಪಂಚೆ, ಎರಡೂ ತುದಿಗೆ ನಾಲ್ಕೂವರೆ ಇಂಚಿನ ಕಸೂತಿ ಹಾಕಿದ ಖಾದಿ. ಎಲ್ಲಾ ಹೊಲಿಗೆಯೂ ಅಂಚಿನಿಂದ ಕಾಲು ಇಂಚು ಒಳಗೆ. ಖಾದಿ ಸೇರಿಸಿದ ಮೇಲೆ ಒಳಗಿನ ಮಡಿಕೆಯನ್ನು ಖಾದಿಯ ಕಡೆಗೇ ಇಸ್ತ್ರಿ ಮಾಡಿ, ಪಂಚೆಯ ಕಡೆಗೆ ಬೇಡ. ಮೂಲೆಗಳಿಗೆ ಬಟ್ಟಲು ಇಟ್ಟು ದುಂಡಗೆ ಗೆರೆ ಎಳೆದುಕೊಂಡೆ, ಚೂಪು ಮೂಲೆ ಕೂಸಿನ ಕಣ್ಣಿನ ಹತ್ತಿರ ಬರುವುದು ನನಗೆ ಇಷ್ಟವಿಲ್ಲ. ಮುಂಬದಿ, ಹಿಂಬದಿಯ ಸೀದಾ ಮಗ್ಗುಲುಗಳು ಒಂದಕ್ಕೊಂದು ತಾಗುವಂತೆ ಇಟ್ಟು, ಮೇಲೆ ಮಲ್ಲು ಹಾಕಿ, ಮಗುಚಲು ಒಂದು ಕಡೆ ಮೂರು ಇಂಚು ಬಾಯಿ ಬಿಟ್ಟು ಸುತ್ತ ಹೊಲಿದೆ. ಪೆಡಲ್ ಮಷಿನ್, 14 ನಂಬರ್ ಸೂಜಿ ಸಾಕಾಯಿತು. ಮಗುಚಿ, ಇಸ್ತ್ರಿ ಮಾಡಿ, ಅಂಚಿಗೆ ಇನ್ನೊಂದು ಹೊಲಿಗೆ. ಬಿಟ್ಟ ಬಾಯಿ ಅದರಲ್ಲೇ ಮುಚ್ಚುತ್ತದೆ.

ಆಮೇಲೆ ನಡುವೆ ಮೂರೂ ಪದರ ಹಿಡಿದು ಕೈಯಿಂದ ಎರಡು ಸಾಲು ಕೌದಿ ಹೊಲಿಗೆ ಹಾಕಿದೆ. ಇಲ್ಲದಿದ್ದರೆ ಒಗೆದಾಗ ಒಳಗಿನ ಮಲ್ಲು ಮುದ್ದೆಯಾಗುತ್ತದೆ.

ಮಣಿ, ಚಮಕಿ, ಗುಂಡಿ, ಗೊಂಡೆ ಯಾವುದೂ ಬೇಡ. ಕಿತ್ತು ಬಂದರೆ ಬಾಯಿಗೆ ಹೋಗುತ್ತವೆ. ಉದ್ದ ದಾರ ಇಳಿಬಿದ್ದರೂ ಕೂಸಿನ ಬೆರಳಿಗೆ ಸುತ್ತಿಕೊಳ್ಳುತ್ತದೆ, ಪ್ರತಿ ಸಲ ಒಗೆದ ಮೇಲೆ ನೋಡಿ ಕತ್ತರಿಸಬೇಕು. ಕೂಸು ಮಲಗಿದಾಗ ತೊಟ್ಟಿಲಲ್ಲಿ ಮುಖದ ಹತ್ತಿರ ಈ ಬಟ್ಟೆ ಬಿಡಬೇಡಿ. ಒಗೆಯುವಾಗ ಮೊದಲು ತಣ್ಣೀರು. ಹಾಲಿನ ಕಲೆಗೆ ನೇರ ಬಿಸಿನೀರು ಬಿದ್ದರೆ ಅದು ಅಲ್ಲೇ ಕೂತುಬಿಡುತ್ತದೆ. ಬಟ್ಟೆ ಮೆತ್ತಗಾಗಲೆಂದು ಹಾಕುವ ಕಂಡೀಷನರ್ ಬೇಡ, ಅದರಿಂದ ಬಟ್ಟೆ ಹೀರುವುದೇ ಕಡಿಮೆಯಾಗುತ್ತದೆ.

ಮೊಮ್ಮಗಳಿಗೆ ಈಗ ಏಳು ತಿಂಗಳು. ಹಾಲು ಕಕ್ಕುವುದು ಕಡಿಮೆಯಾಗಿದೆ, ಜೊಲ್ಲು ಜಾಸ್ತಿಯಾಗಿದೆ. ಹೆಗಲ ಮೇಲೆ ಹಾಕಿಕೊಂಡರೆ ತೊಟ್ಟಿಲ ಹಗ್ಗವನ್ನು ಉಗುರಿನಿಂದ ಕೆದರುತ್ತಾಳೆ. ಗವಂತಿ ಇನ್ನೂ ಒಂದು ಎಳೆಯೂ ಸಡಿಲವಾಗಿಲ್ಲ. ಎರಡು ಬಟ್ಟೆಗಳಲ್ಲಿ ಪಂಚೆ ಮಾತ್ರ ಹರಿದಿದೆ. ಆ ಎರಡನ್ನು ಬಿಚ್ಚಿ, ಅದೇ ಖಾದಿ ತುದಿಗಳಿಗೆ ಬೇರೆ ಪಂಚೆ ಸೇರಿಸಲು ಮೊನ್ನೆ ಕತ್ತರಿಸಿಟ್ಟಿದ್ದೇನೆ.