ಕಿಟಕಿ ಗಾಜಿಗೆ ಹಕ್ಕಿ ಬಡೀತಿದ್ರೆ ಇದನ್ನ ಮಾಡಿ ನೋಡಿ

ನಿನ್ನೆ ಬೆಳಗ್ಗೆ ನಮ್ಮ ಬಾಲ್ಕನಿ ಗಾಜಿಗೆ ಒಂದು ಕುಟ್ರಹಕ್ಕಿ ಡಬ್ ಅಂತ ಬಡ್ಕೊಂಡು ಬಿತ್ತು, ತುಂಬಾ ಸಂಕಟ ಆಯ್ತು, ಅದಕ್ಕೇ ಬರೀತಿದೀನಿ. ಅಲ್ಲಿ ಗಾಜಿದೆ ಅಂತಾನೇ ಹಕ್ಕಿಗೆ ಗೊತ್ತಾಗಲ್ಲ, ಎದುರಿನ ಮರ, ಆಕಾಶ ಗಾಜಲ್ಲಿ ಕಾಣ್ಸುತ್ತಲ್ಲ, ಅದನ್ನೇ ನಿಜ ಅನ್ಕೊಂಡು ಸ್ಪೀಡಾಗಿ ನುಗ್ಗುತ್ತೆ.

ಗಿಡುಗನ ಚಿತ್ರದ್ದು ಒಂದೇ ಸ್ಟಿಕ್ಕರ್ ಅಂಟಿಸಿದ್ರೆ ಪ್ರಯೋಜನ ಇಲ್ಲ, ಪಕ್ಕದ ಖಾಲಿ ಜಾಗಕ್ಕೆ ಬಂದು ಬಡಿಯುತ್ತೆ. ಪೂರ್ತಿ ಗಾಜಿಗೆ 2 ಇಂಚಿಗೊಂದರಂತೆ ಚುಕ್ಕಿ ಬೇಕು, ರಂಗೋಲಿಗೆ ಇಡ್ತೀವಲ್ಲ ಹಂಗೆ, ಅದೂ ಹೊರಗಡೆಯಿಂದನೇ, ಒಳಗಡೆ ಹಾಕಿದ್ರೆ ಪ್ರತಿಬಿಂಬ ಹಾಗೇ ಉಳಿಯುತ್ತೆ. ಹೊರಗಡೆ ಸೊಳ್ಳೆ ಮೆಶ್ ಹಾಕ್ಸಿದ್ರೂ ಆಯ್ತು.

ಶಿಕಾಗೋದ ಮೆಕಾರ್ಮಿಕ್ ಪ್ಲೇಸ್ ಅನ್ನೋ ಕಟ್ಟಡಕ್ಕೆ ಬಡಿದು 2023ರ ಅಕ್ಟೋಬರಲ್ಲಿ ಒಂದೇ ರಾತ್ರಿ ಹೆಚ್ಚುಕಮ್ಮಿ ಸಾವಿರ ಹಕ್ಕಿ ಸತ್ವು, 2024ರಲ್ಲಿ ಇಂಥದ್ದೇ ಚುಕ್ಕಿ ಫಿಲ್ಮ್ ಅಂಟಿಸಿದ್ಮೇಲೆ ಸಾವು ತುಂಬಾನೇ ಕಮ್ಮಿ ಆಯ್ತು. ವಲಸೆ ಟೈಮಲ್ಲಿ ರಾತ್ರಿ ಲೈಟ್ ಆಫ್ ಮಾಡೋದೂ ಮುಖ್ಯ.

ಬಿದ್ದ ಹಕ್ಕಿ ಬಾಯಿಗೆ ದಯವಿಟ್ಟು ನೀರು ಹಾಕ್ಬೇಡಿ, ಶ್ವಾಸಕೋಶಕ್ಕೆ ಹೋಗ್ಬಿಡುತ್ತೆ. ತೂತು ಮಾಡಿರೋ ರಟ್ಟಿನ ಡಬ್ಬದಲ್ಲಿ ಮೆತ್ತಗೆ ಇಟ್ಟು, ಮುಚ್ಚಿ, ಗಲಾಟೆ ಇಲ್ಲದ ಕಡೆ ಇಡಿ. ಒಂದು ಗಂಟೆ ಬಿಟ್ಟು ಹೊರಗೆ ತೆಗೆದ್ರೆ ಎಷ್ಟೋ ಸಲ ತಾನೇ ಹಾರಿ ಹೋಗುತ್ತೆ, ಹಾರ್ಲಿಲ್ಲ ಅಂದ್ರೆ ವನ್ಯಜೀವಿ ರೆಸ್ಕ್ಯೂನವ್ರಿಗೆ ಫೋನ್ ಮಾಡಿ.