ರಾಗಿ, ಬಿಸಿಲು ಮತ್ತು ಎರಡು ಅಕ್ಕಿ ಚೀಲ: ನನ್ನ ಅನುಭವ

ನಮ್ಮ ತಾಯಿ ತಮ್ಮ 78ನೇ ವಯಸ್ಸಿನಲ್ಲಿ ಬಚ್ಚಲುಮನೆಯ ಹೊಸ್ತಿಲ ಬಳಿ ಜಾರಿ ಸೊಂಟದ ಮೂಳೆ ಮುರಿದುಕೊಂಡಾಗ ನನಗೆ 53 ವರ್ಷ. ಮುಟ್ಟು ನಿಂತು ಮೂರು ವರ್ಷ ಕಳೆದಿತ್ತು. ಶಸ್ತ್ರಚಿಕಿತ್ಸೆ ಮುಗಿಸಿ ಹೊರಬಂದ ಮೂಳೆ ತಜ್ಞರು, ತಾಯಿಗೆ ಸೊಂಟ ಮುರಿದಿದ್ದರೆ ಮಗಳಿಗೂ ಆ ಅಪಾಯ ಹೆಚ್ಚೆಂದು ಹೇಳಿ, ನನಗೂ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿಕೊಳ್ಳಲು ಸೂಚಿಸಿದರು. ಅದಕ್ಕೂ ಒಂದು ವರ್ಷ ಮೊದಲು ನಮ್ಮ ಬೀದಿಯ ಶಾಮಿಯಾನದಲ್ಲಿ ನಡೆದ ಉಚಿತ ತಪಾಸಣೆಯಲ್ಲಿ ಹಿಮ್ಮಡಿಯನ್ನು ಒಂದು ಯಂತ್ರದೊಳಗೆ ಇಡಿಸಿ, 'ಮೂಳೆ ಸವೆದಿದೆ' ಎಂದು ಹೆದರಿಸಿ, ಡಬ್ಬಿಯೊಂದನ್ನು ಮಾರಿದ್ದರು. ಹಿಮ್ಮಡಿಯ ಆ ಪರೀಕ್ಷೆ ಹೆಚ್ಚೆಂದರೆ ಒಂದು ಸೂಚನೆ ಕೊಡಬಲ್ಲದೇ ಹೊರತು ಅದರಿಂದ ರೋಗನಿರ್ಣಯ ಮಾಡಲಾಗದು ಎಂಬುದು ನನಗೆ ತಿಳಿದದ್ದು ಡಬ್ಬಿ ಖಾಲಿಯಾದ ಮೇಲೆ.

ಡೆಕ್ಸಾ ವರದಿಯಲ್ಲಿ ನನ್ನ ಬೆನ್ನುಮೂಳೆಯ ಟಿ-ಸ್ಕೋರ್ ಮೈನಸ್ 2.1, ಸೊಂಟದ್ದು ಮೈನಸ್ 1.8 ಇತ್ತು. ಟಿ-ಸ್ಕೋರ್ ಎಂದರೆ ನಮ್ಮ ಮೂಳೆಯ ಸಾಂದ್ರತೆಯನ್ನು ಆರೋಗ್ಯವಂತ ಯುವಜನರದಕ್ಕೆ ಹೋಲಿಸುವ ಅಂಕ. ಮೈನಸ್ 1ರವರೆಗೆ ಸಾಮಾನ್ಯ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿಳಿದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ರೋಗ, ನಡುವಿನದು ಆಸ್ಟಿಯೋಪೀನಿಯಾ, ಅಂದರೆ ಅದರ ಮೊದಲ ಹಂತದ ಸವೆತ. ನಾನಿದ್ದದ್ದು ಆ ನಡುವಿನಲ್ಲಿ. ಸದ್ಯಕ್ಕೆ ಔಷಧಿ ಬೇಡ, ಎರಡು ವರ್ಷ ಊಟ, ಬಿಸಿಲು, ವ್ಯಾಯಾಮ ಸರಿಪಡಿಸಿಕೊಂಡು ಅದೇ ಯಂತ್ರದಲ್ಲಿ ಮತ್ತೆ ನೋಡೋಣ ಎಂದರು ವೈದ್ಯರು.

ಊಟದ ವಿಷಯದಲ್ಲಿ ನನಗೆ ಸ್ವಲ್ಪ ಅಹಂಕಾರವೇ ಇತ್ತು. ತಿಪಟೂರಿನವಳು, ದಿನವೂ ಮುದ್ದೆ ಉಣ್ಣುವವಳು, ನನಗೇಕೆ ಕ್ಯಾಲ್ಸಿಯಂ ಕೊರತೆ ಎಂದುಕೊಂಡಿದ್ದೆ. ಲೆಕ್ಕ ಹಾಕಿದಾಗ ಅದು ಇಳಿಯಿತು. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ಮುಟ್ಟು ನಿಂತ ಮಹಿಳೆಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಯಲ್ಲಿ ಇರುವುದು ಸುಮಾರು 350 ಮಿಲಿಗ್ರಾಂ. ನನ್ನ ಒಂದು ಮುದ್ದೆಗೆ ಹಿಡಿಯುವ ಹಿಟ್ಟು 80 ಗ್ರಾಂ. ಹಾಲನ್ನು ಕಾಫಿಗೆ ಎರಡು ಚಮಚ ಹಾಕಿಕೊಳ್ಳುವುದು ಬಿಟ್ಟರೆ ನಾನು ಮುಟ್ಟುತ್ತಲೇ ಇರಲಿಲ್ಲ. ಸೊಪ್ಪೆಂದರೆ ಪಾಲಕ್, ಅದರ ಆಕ್ಸಲೇಟ್ ತನ್ನಲ್ಲಿರುವ ಕ್ಯಾಲ್ಸಿಯಂ ಅನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ.

ರಾಗಿಯಲ್ಲಿಯೂ ಫೈಟೇಟ್ ಎಂಬ ಅಂಶ ಕ್ಯಾಲ್ಸಿಯಂಗೆ ಅಡ್ಡ ಬರುತ್ತದೆ, ಮೊಳಕೆ ಕಟ್ಟಿದರೆ ಅಥವಾ ಹುಳಿ ಬರಿಸಿದರೆ ಅದು ಕಡಿಮೆಯಾಗುತ್ತದೆ. ಆದ್ದರಿಂದ ಪ್ರತಿ ಶನಿವಾರ ರಾತ್ರಿ ಒಂದು ಸೇರು ರಾಗಿಯನ್ನು ಮೂರು ನಾಲ್ಕು ಸಲ ತೊಳೆದು, ಕಲ್ಲು ಗಾಲಿಸಿ ನೆನೆಹಾಕುತ್ತೇನೆ. ಬೆಳಿಗ್ಗೆ ನೀರು ಬಸಿದು, ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ಅಡುಗೆಮನೆಯ ಮೊಳೆಗೆ ತೂಗುಹಾಕಿ, ಬಟ್ಟೆ ಒಣಗದಂತೆ ಆಗಾಗ ನೀರು ಚಿಮುಕಿಸುತ್ತಿದ್ದರೆ ಸೋಮವಾರದ ಹೊತ್ತಿಗೆ ಬಟ್ಟೆಯ ಎಳೆಗಳ ನಡುವಿನಿಂದ ಬಿಳಿಯ ಮೊಳಕೆ ಇಣುಕುತ್ತದೆ. ಅದನ್ನು ನೆರಳಿನಲ್ಲಿ ಒಣಗಿಸಿ, ಬಾಣಲೆಯಲ್ಲಿ ಘಮ್ಮೆನ್ನುವಷ್ಟು ಮಾತ್ರ ಹುರಿದು ಗಿರಣಿಗೆ ಕಳುಹಿಸುತ್ತೇನೆ. ಈ ಹಿಟ್ಟಿನಲ್ಲಿ ಮುದ್ದೆ ಸರಿಯಾಗಿ ನಿಲ್ಲದು, ಅಂಟಂಟಾಗುತ್ತದೆ. ಎರಡು ಸಲ ಹಾಳುಮಾಡಿದ ಮೇಲೆ ಅದನ್ನು ಬೆಳಗಿನ ಅಂಬಲಿಗೆ ಮೀಸಲಿಟ್ಟು, ಮುದ್ದೆಗೆ ಹಳೆಯ ಹಿಟ್ಟನ್ನೇ ಉಳಿಸಿಕೊಂಡೆ. ಅಂಬಲಿಗೆ ಒಂದು ಲೋಟ ಮಜ್ಜಿಗೆ, ರಾತ್ರಿ ಒಂದು ಲೋಟ ಹಾಲು, ವಾರಕ್ಕೆ ಮೂರು ದಿನ ನುಗ್ಗೆಸೊಪ್ಪಿನ ಪಲ್ಯ ಅಥವಾ ಹುರುಳಿಕಾಳಿನ ಬಸ್ಸಾರು. ಹುರುಳಿಯನ್ನು ಸೇರಿಸಿದ್ದು ಪ್ರೋಟೀನಿಗಾಗಿ, ಏಕೆಂದರೆ ಮೂಳೆಯ ಹಂದರವೇ ಪ್ರೋಟೀನ್, ಕ್ಯಾಲ್ಸಿಯಂ ಅದರ ಮೇಲೆ ಕೂರುತ್ತದೆ. ಉಪ್ಪು ಹೆಚ್ಚಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಹೋಗುತ್ತದೆಂದು ಉಪ್ಪಿನಕಾಯಿಯನ್ನು ತಟ್ಟೆಯಿಂದ ಇಳಿಸಿದೆ. ಮನಸ್ಸಿನಿಂದ ಇನ್ನೂ ಇಳಿಸಿಲ್ಲ.

ಬಿಸಿಲಿನಲ್ಲಿ ನಾನು ವರ್ಷಗಟ್ಟಲೆ ತಪ್ಪು ಮಾಡಿದ್ದೆ. ಎಳೆಬಿಸಿಲಿನಲ್ಲಿ ನಡೆದರೆ ಡಿ ವಿಟಮಿನ್ ಸಿಗುತ್ತದೆಂದು ನಂಬಿ ಆರೂವರೆಗೆ ವಾಕಿಂಗ್ ಹೋಗುತ್ತಿದ್ದೆ, ಆದರೂ ರಕ್ತಪರೀಕ್ಷೆಯಲ್ಲಿ ಅದರ ಮಟ್ಟ ಮಿಲಿಲೀಟರಿಗೆ 14 ನ್ಯಾನೋಗ್ರಾಂ ಎಂದು ಬಂತು. 20ಕ್ಕಿಂತ ಕಡಿಮೆಯಿದ್ದರೆ ಕೊರತೆ. ಚರ್ಮದಲ್ಲಿ ಈ ವಿಟಮಿನ್ ತಯಾರಾಗಲು ಬೇಕಾದ ಕಿರಣಗಳು ಸೂರ್ಯ ಮೇಲೇರಿದಾಗಲೇ ಚೆನ್ನಾಗಿ ನೆಲ ಮುಟ್ಟುತ್ತವೆ, ಕಿಟಕಿಯ ಗಾಜಿನೊಳಗೆ ಬಾರವು. ನಮ್ಮ ನೆರಳು ನಮಗಿಂತ ಗಿಡ್ಡವಾಗಿರುವ ಹೊತ್ತು ಎಂಬ ಅಳತೆ ನನಗೆ ಅನುಕೂಲವಾಯಿತು. ರಜಾದಿನಗಳಲ್ಲಿ ಹನ್ನೊಂದರ ಸುಮಾರಿಗೆ ಮಹಡಿಗೆ ಹೋಗಿ, ತೋಳು ಮೊಣಕೈಯಿಂದ ಮೇಲಕ್ಕೆ ಮಡಚಿ, ಸಂಡಿಗೆ ತಿರುವಿಹಾಕುತ್ತಲೋ ಮೆಣಸಿನಕಾಯಿ ಹರಡುತ್ತಲೋ ಇಪ್ಪತ್ತು ನಿಮಿಷ ಇರುತ್ತೇನೆ. ಆದರೆ ದಿನವಿಡೀ ತರಗತಿಯೊಳಗಿರುವ ಶಿಕ್ಷಕಿಗೆ ಅಷ್ಟು ಸಾಲದೆ, ವೈದ್ಯರ ಸಲಹೆಯಂತೆ ವಾರಕ್ಕೊಂದರಂತೆ 60,000 ಯೂನಿಟ್ಟಿನ ಪುಡಿಯನ್ನು ಎಂಟು ವಾರ ಹಾಲಿನಲ್ಲಿ ಕಲಸಿ ತೆಗೆದುಕೊಂಡೆ. ಎಲ್ಲವೂ ನೈಸರ್ಗಿಕವಾಗಿಯೇ ಆಗಬೇಕೆಂಬ ಹಟವನ್ನು ಇಲ್ಲಿ ಬಿಟ್ಟೆ, ಮಟ್ಟ 31ಕ್ಕೆ ಬಂದಾಗ ಅದಕ್ಕಾಗಿ ಬೇಸರವೂ ಆಗಲಿಲ್ಲ.

ನನ್ನ ದೊಡ್ಡ ತಪ್ಪು ವ್ಯಾಯಾಮದಲ್ಲಿ ನಡೆಯಿತು. ಮೊದಲ ಎಂಟು ತಿಂಗಳು ನಾನು ಮಾಡಿದ್ದು ನಡಿಗೆ ಮಾತ್ರ. ಹೃದಯಕ್ಕೆ ಅದು ಒಳ್ಳೆಯದೇ. ಆದರೆ ಮೂಳೆ ಗಟ್ಟಿಯಾಗುವುದು ತನಗೆ ಅಭ್ಯಾಸವಿರುವುದಕ್ಕಿಂತ ಹೆಚ್ಚಿನ ಭಾರ ಬಿದ್ದಾಗ, ಮತ್ತು ನಲವತ್ತು ವರ್ಷದಿಂದ ನಡೆಯುತ್ತಿರುವ ಕಾಲಿಗೆ ನಡಿಗೆ ಹೊಸ ಭಾರವಲ್ಲ. ಇದನ್ನು ವಿವರಿಸಿದ ಫಿಸಿಯೋಥೆರಪಿಸ್ಟ್ ನನ್ನ ಸೂರ್ಯನಮಸ್ಕಾರವನ್ನೂ ನೋಡಿ, ಬೆನ್ನು ಗುಂಡಗೆ ಬಾಗಿಸಿ ಪಾದ ಮುಟ್ಟುವುದನ್ನು ನಿಲ್ಲಿಸಿದರು. ಸೊರಗಿದ ಬೆನ್ನುಮೂಳೆಗಳು ಆ ಒತ್ತಡಕ್ಕೆ ಕುಸಿಯಬಹುದಂತೆ. ನನಗೆ ಅಜ್ಜಿಯ ನೆನಪಾಯಿತು. ಹಿಂದಿನವರ ಮೂಳೆ ಉಕ್ಕಿನಂತಿತ್ತೆಂದು ಎಲ್ಲರೂ ಹೇಳುತ್ತಾರೆ, ಆದರೆ ಬಾವಿಯಿಂದ ನೀರು ಸೇದಿ ರುಬ್ಬುಗುಂಡು ತಿರುಗಿಸಿದ ನಮ್ಮಜ್ಜಿಯ ಬೆನ್ನು ಅರವತ್ತೈದಕ್ಕೇ ಬಿಲ್ಲಿನಂತೆ ಬಾಗಿತ್ತು; ಅದು ವಯಸ್ಸಿನ ಗೂನಲ್ಲ, ಮೂಳೆ ಕುಸಿದದ್ದಿರಬಹುದೆಂದು ಆಗ ಯಾರಿಗೂ ಹೊಳೆದಿರಲಿಲ್ಲ.

ಈಗ ವಾರಕ್ಕೆ ಮೂರು ದಿನ ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು ಹತ್ತರಂತೆ ಮೂರು ಸುತ್ತು, ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಇಪ್ಪತ್ತು, ಎರಡೂ ಕೈಯಲ್ಲಿ ಅಕ್ಕಿ ಚೀಲ ಹಿಡಿದು ಮಹಡಿಯ ಮೆಟ್ಟಿಲು ಹತ್ತುವುದು ಐದು ಸಲ. ಚೀಲಗಳು ಆರಂಭದಲ್ಲಿ ಒಂದೊಂದು ಕಿಲೋದವು. ತಿಂಗಳೊಳಗೇ ಉತ್ಸಾಹದಲ್ಲಿ ತುಂಬಿದ ಕೊಡವನ್ನು ಸೊಂಟ ಬಾಗಿಸಿ ಎತ್ತಲು ಹೋಗಿ ಹದಿನೈದು ದಿನ ಮಲಗಿದ್ದೂ ಉಂಟು. ಅಂದಿನಿಂದ ಬೆನ್ನು ನೆಟ್ಟಗಿಟ್ಟು ಮಂಡಿ ಮಡಿಸಿಯೇ ಎತ್ತುತ್ತೇನೆ, ಭಾರವನ್ನು ಒಂದು ಸಲಕ್ಕೆ ಅರ್ಧ ಕಿಲೋದಷ್ಟೇ ಏರಿಸುತ್ತೇನೆ. ಹಲ್ಲುಜ್ಜುವಾಗ ಒಂಟಿ ಕಾಲಿನ ಮೇಲೆ ನಿಲ್ಲುವುದು ಬೀಳದಿರುವ ಅಭ್ಯಾಸಕ್ಕೆ. ಬಚ್ಚಲಿಗೆ ಹಿಡಿಕೆ ಹಾಕಿಸಿದ್ದು ಅಮ್ಮನಿಗಾಗಿ, ಹಿಡಿಯುವವರು ಇಬ್ಬರೂ.

ಎರಡು ವರ್ಷದ ಬಳಿಕ ಅದೇ ಯಂತ್ರ ಬೆನ್ನಿಗೆ ಮೈನಸ್ 2.0, ಸೊಂಟಕ್ಕೆ ಮೈನಸ್ 1.8 ತೋರಿಸಿತು. ನಾನು ಸಪ್ಪಗಾದೆ. ಮುಟ್ಟು ನಿಂತ ಮೊದಲ ವರ್ಷಗಳಲ್ಲಿ ಮೂಳೆ ವೇಗವಾಗಿ ಕರಗುತ್ತದೆ, ಈ 0.1ರ ಏರಿಕೆ ಯಂತ್ರದ ತಪ್ಪಿನೊಳಗೇ ಬರುತ್ತದೆ, ಆದರೆ ಇಳಿಯದೆ ನಿಂತಿರುವುದನ್ನು ಲೆಕ್ಕಕ್ಕೆ ಹಿಡಿಯಿರಿ ಎಂದರು ವೈದ್ಯರು. ಚೀಲಗಳು ಈಗ ನಾಲ್ಕೂವರೆ ಕಿಲೋದವು. ಅಮ್ಮ ವಾಕರ್ ಪಕ್ಕಕ್ಕಿಟ್ಟು ನನ್ನ ಜೊತೆಗೇ ಕಟ್ಟೆ ಹಿಡಿದು ಹಿಮ್ಮಡಿ ಎತ್ತುತ್ತಾರೆ, ಎಂಟಕ್ಕೆ ನಿಲ್ಲಿಸಿ ಹತ್ತಾಯಿತು ಎನ್ನುತ್ತಾರೆ.